ಮಲೆನಾಡಿನ ಲಾನ್‌ಗೆ ನೆಲದಡಿಯ ಸ್ಪ್ರಿಂಕ್ಲರ್: ಗುದ್ದಲಿ ಹಿಡಿಯುವ ಮೊದಲು ನೀರಿನ ಲೆಕ್ಕ

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಶಿವಮೊಗ್ಗ ನಗರಕ್ಕೆ ಅದರ ಕಾಲುಭಾಗವೂ ಸಿಗುವುದಿಲ್ಲ. ಆದರೂ ಎರಡೂ ಕಡೆಯ ಹುಲ್ಲಿಗೆ ಬರುವ ಕಷ್ಟ ಒಂದೇ. ಬೀಳುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು ಮುಗಿಯುತ್ತದೆ, ಡಿಸೆಂಬರ್‌ನಿಂದ ಮೇ ತನಕ ನೆಲ ಒಣಗುತ್ತಲೇ ಹೋಗುತ್ತದೆ. ಅದರಲ್ಲೂ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಜಂಬಿಟ್ಟಿಗೆ ನೆಲ ಎಷ್ಟೇ ನೀರು ಕುಡಿದರೂ ಹಿಡಿದಿಟ್ಟುಕೊಳ್ಳುವುದಿಲ್ಲ. ಹೋಮ್‌ಸ್ಟೇ ಮುಂದೆಯೋ ಮನೆಯ ಅಂಗಳದ ಪಕ್ಕದಲ್ಲೋ ಬೆಳೆಸಿದ ಹುಲ್ಲುಹಾಸು ಶಿವರಾತ್ರಿ ಹೊತ್ತಿಗೆ ಕಂದು ಬಣ್ಣಕ್ಕೆ ತಿರುಗುವುದು ಇದೇ ಕಾರಣಕ್ಕೆ.

ನಮ್ಮ ಕಡೆ ಸ್ಪ್ರಿಂಕ್ಲರ್ ಹೊಸದಲ್ಲ. ಅಡಿಕೆ ತೋಟದಲ್ಲಿ ಜೆಟ್ ಹಾಕುವವರು, ಕಾಫಿ ತೋಟದಲ್ಲಿ ಅಲ್ಯೂಮಿನಿಯಂ ಪೈಪು ಜೋಡಿಸುವವರು ಪ್ರತಿ ಊರಲ್ಲೂ ಇದ್ದಾರೆ. ಅವರನ್ನೇ ಕರೆದು ಲಾನ್ ಕೆಲಸ ಒಪ್ಪಿಸುವುದೂ ಸಾಮಾನ್ಯ. ಆದರೆ ಎರಡು ಕೆಲಸಗಳ ನಡುವೆ ದೊಡ್ಡ ಅಂತರವಿದೆ. ಅಡಿಕೆ ಮರದ ಬೇರು ಒಂದೆರಡು ಮೀಟರ್ ಹರಡಿರುತ್ತದೆ, ಒಂದು ಕಡೆ ನೀರು ಕಡಿಮೆ ಬಿದ್ದರೆ ಇನ್ನೊಂದು ಕಡೆಯಿಂದ ಎಳೆದುಕೊಳ್ಳುತ್ತದೆ. ಹುಲ್ಲಿನ ಬೇರು ಇರುವುದು ಹತ್ತು ಹದಿನೈದು ಸೆಂಟಿಮೀಟರ್ ಆಳದಲ್ಲಿ, ಅದೂ ತಾನು ನಿಂತ ಜಾಗದಲ್ಲೇ. ನೀರು ಬೀಳದ ಪ್ರತಿ ಅಡಿ ಜಾಗವೂ ಒಣಗಿದ ತೇಪೆಯಾಗಿ ಕಾಣಿಸಿಕೊಳ್ಳುತ್ತದೆ. ತೋಟದ ಪೈಪು ಕಣ್ಣೆದುರಿಗಿದ್ದರೆ ಲಾನ್‌ನದು ಮಣ್ಣಿನೊಳಗಿರುತ್ತದೆ, ತಪ್ಪು ತಿದ್ದಬೇಕೆಂದರೆ ಬೆಳೆದ ಹುಲ್ಲನ್ನೇ ಕೀಳಬೇಕು. ಹಾಗಾಗಿ ಈ ಕೆಲಸದ ಯಶಸ್ಸು ತೀರ್ಮಾನವಾಗುವುದು ಟ್ರೆಂಚ್ ತೋಡುವ ಮೊದಲು, ಬಕೆಟ್ ಮತ್ತು ಪ್ರೆಷರ್ ಗೇಜ್ ಹಿಡಿದು ಅಳೆಯುವ ಹೊತ್ತಿನಲ್ಲಿ.

ಎಷ್ಟು ನೀರು, ಎಷ್ಟು ಒತ್ತಡ

ಎರಡು ಅಂಕಿಗಳು ಬೇಕು: ನಿಮಿಷಕ್ಕೆ ಎಷ್ಟು ಲೀಟರ್ ಬರುತ್ತದೆ, ಮತ್ತು ಅಷ್ಟು ನೀರು ಹರಿಯುತ್ತಿರುವಾಗ ಒತ್ತಡ ಎಷ್ಟಿರುತ್ತದೆ. ಮೊದಲನೆಯದಕ್ಕೆ 20 ಲೀಟರ್ ಬಕೆಟ್ಟೂ ಗಡಿಯಾರವೂ ಸಾಕು. 20 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 60 ಲೀಟರ್. ಎರಡನೆಯದಕ್ಕೆ ಪೈಪಿನ ತುದಿಗೆ ಮೂರು ಬಾಯಿಯ ಒಂದು ಟೀ, ಒತ್ತಡ ತೋರಿಸುವ ಒಂದು ಗೇಜ್, ಒಂದು ಬಾಲ್ ವಾಲ್ವ್ ಕೂಡಿಸಿ, ವಾಲ್ವನ್ನು ಸ್ವಲ್ಪ ಸ್ವಲ್ಪವೇ ತೆರೆಯುತ್ತ ಗೇಜ್ ಓದಬೇಕು. ವಾಲ್ವ್ ಪೂರ್ತಿ ಮುಚ್ಚಿದಾಗ ಕಾಣುವ ಒತ್ತಡದಿಂದ ಏನೂ ಪ್ರಯೋಜನವಿಲ್ಲ. ನೀರು ಹರಿಯತೊಡಗಿದ ಕೂಡಲೇ ಅದು ಇಳಿಯುತ್ತದೆ, ಎಷ್ಟು ಇಳಿಯುತ್ತದೆ ಎಂಬುದೇ ಮುಖ್ಯ.

ಅಂಗಡಿಗಳಲ್ಲಿ ಒತ್ತಡವನ್ನು ಕೆ.ಜಿ. ಲೆಕ್ಕದಲ್ಲಿ ಹೇಳುತ್ತಾರೆ. 1 ಕೆ.ಜಿ. ಎಂದರೆ 10 ಮೀಟರ್ ಎತ್ತರದ ನೀರಿನ ಭಾರ. ನೆಲದಿಂದ ಮೇಲೆದ್ದು ನೀರು ಚಿಮ್ಮಿಸಿ ಮತ್ತೆ ಕೆಳಗಿಳಿಯುವ ಪಾಪ್-ಅಪ್ ಸ್ಪ್ರಿಂಕ್ಲರ್‌ಗಳಲ್ಲಿ ತಿರುಗದೆ ಬೀಸಣಿಗೆಯಂತೆ ಚಿಮ್ಮಿಸುವ ಸ್ಪ್ರೇ ಮಾದರಿಗೆ ಸುಮಾರು 2 ಕೆ.ಜಿ., ತೆಳು ಎಳೆಗಳನ್ನು ತಿರುಗುತ್ತ ಎಸೆಯುವ ರೋಟರಿ ನಾಝಲ್‌ಗೆ 2.8, ಒಂದು ದಪ್ಪ ಧಾರೆಯನ್ನು ಗೇರ್‌ನಿಂದ ತಿರುಗಿಸುವ ದೊಡ್ಡ ರೋಟರ್‌ಗೆ 3 ಕೆ.ಜಿ.ಗಿಂತ ತುಸು ಹೆಚ್ಚು ಬೇಕು. ಇದು ಸ್ಪ್ರಿಂಕ್ಲರ್‌ನ ಬಾಯಲ್ಲಿ ಸಿಗಬೇಕಾದ ಒತ್ತಡವೇ ಹೊರತು ಪಂಪಿನ ಹತ್ತಿರದ್ದಲ್ಲ. ಎರಡಂತಸ್ತಿನ ಮನೆಯ ಮೇಲಿನ ಟ್ಯಾಂಕು 8 ಮೀಟರ್ ಎತ್ತರದಲ್ಲಿದ್ದರೆ ಕೆಳಗೆ ಸಿಗುವುದು 0.8 ಕೆ.ಜಿ. ಮಾತ್ರ. ಅದರಲ್ಲಿ ಪಾಪ್-ಅಪ್ ಸರಿಯಾಗಿ ಮೇಲೇಳುವುದೂ ಇಲ್ಲ. ವಿದ್ಯುತ್ ಸಂಕೇತದಿಂದ ತಾನಾಗಿ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್‌ನ ರಬ್ಬರ್ ಪೊರೆ ನೀರಿನ ಒತ್ತಡದಿಂದಲೇ ಮುಚ್ಚಿಕೊಳ್ಳುವಂಥದ್ದು, ಸಾಮಾನ್ಯವಾಗಿ ಅದಕ್ಕೆ 0.7 ಕೆ.ಜಿ.ಯಾದರೂ ಬೇಕು. ಹೀಗಾಗಿ ಮನೆಯ ಟ್ಯಾಂಕಿನಿಂದಲೇ ಲಾನ್ ನಡೆಸುತ್ತೇನೆ ಎನ್ನುವವರ ಮಾತನ್ನು ಒಪ್ಪಿಕೊಳ್ಳಬೇಡಿ.

ಗುಡ್ಡದ ಮೇಲಿನಿಂದ ಪೈಪಿನಲ್ಲಿ ನೀರು ಇಳಿಸಿಕೊಂಡ ಮನೆಗಳಿಗೆ ಬೇರೆಯದೇ ಅನುಕೂಲವಿದೆ. ಹಿಂದೆ ಅಡಿಕೆ ದಬ್ಬೆಯಲ್ಲಿ ಹರಿದು ಬರುತ್ತಿದ್ದ ನೀರೇ ಈಗ ಕಪ್ಪು ಪೈಪಿನಲ್ಲಿ ಬರುತ್ತಿದೆ. 30 ಮೀಟರ್ ಎತ್ತರದಿಂದ ಬಂದರೆ ಕರೆಂಟಿಲ್ಲದೆ 3 ಕೆ.ಜಿ. ಸಿಗುತ್ತದೆ. ಆದರೆ ಪೈಪಿನ ಗಾತ್ರ ನೋಡಿಕೊಳ್ಳಬೇಕು. 300 ಮೀಟರ್ ದೂರದಿಂದ ನಿಮಿಷಕ್ಕೆ 36 ಲೀಟರ್ ತರುವಾಗ 32 ಎಂ.ಎಂ. ಪೈಪಿನ ತಿಕ್ಕಾಟದಲ್ಲೇ ಸುಮಾರು 10 ಮೀಟರ್ ಒತ್ತಡ ಸೋರಿಹೋಗುತ್ತದೆ. 50 ಎಂ.ಎಂ. ಹಾಕಿದರೆ ನಷ್ಟ 1 ಮೀಟರ್ ಆಸುಪಾಸು. ಇನ್ನು ಕೆಲವು ಕಡೆ ಮೂಲ 80 ಮೀಟರ್ ಮೇಲಿರುತ್ತದೆ. ಆಗ ಕೆಳಗೆ 8 ಕೆ.ಜಿ. ಒತ್ತಡ ನಿಂತು ಫಿಟ್ಟಿಂಗ್ ಸೀಳಿಹೋಗುತ್ತದೆ. ಅಂಥಲ್ಲಿ ದಾರಿಯ ಮಧ್ಯೆ ಸಣ್ಣ ತೊಟ್ಟಿ ಕಟ್ಟಿ ಒತ್ತಡ ಮುರಿಯಬೇಕು, ಇಲ್ಲವೇ ಒತ್ತಡ ತಗ್ಗಿಸುವ ವಾಲ್ವ್ ಹಾಕಬೇಕು.

ಅಳತೆ ಯಾವ ತಿಂಗಳಲ್ಲಿ ಮಾಡುತ್ತೀರಿ ಎಂಬುದೂ ಅಷ್ಟೇ ಮುಖ್ಯ. ದೀಪಾವಳಿ ಹೊತ್ತಿಗೆ ಧಾರಾಳವಾಗಿ ಕೊಡುವ ಬಾವಿ, ಬೋರ್‌ವೆಲ್, ಹಳ್ಳ ಯಾವುದೂ ಏಪ್ರಿಲ್‌ನಲ್ಲಿ ಹಾಗಿರುವುದಿಲ್ಲ. ಲಾನ್‌ಗೆ ಹೆಚ್ಚು ನೀರು ಬೇಕಾಗುವುದೂ ಆಗಲೇ. ಬೋರ್‌ವೆಲ್ ನೀರನ್ನು ನೇರವಾಗಿ ಸ್ಪ್ರಿಂಕ್ಲರ್‌ಗೆ ಕೊಡದೆ ಸಂಪಿಗೆ ತುಂಬಿಸಿ, ಸಂಪಿನಿಂದ ಬೇರೊಂದು ಸಣ್ಣ ಪಂಪು ಇಡುವುದು ಎಲ್ಲ ದೃಷ್ಟಿಯಿಂದಲೂ ಒಳ್ಳೆಯದು. ಬೋರ್ ನಿಧಾನವಾಗಿ ದಿನವಿಡೀ ತುಂಬಿಸಲಿ, ಲಾನ್ ಪಂಪು ಬೆಳಗಿನ ಜಾವ ಒಂದು ಗಂಟೆಗೆ ತುಸು ಹೆಚ್ಚು ಹೊತ್ತು ಓಡಲಿ. ನಗರದಲ್ಲಿ ಕುಡಿಯುವ ನೀರಿನ ನಲ್ಲಿಗೆ ಈ ವ್ಯವಸ್ಥೆಯನ್ನು ನೇರವಾಗಿ ಜೋಡಿಸಲೇಬಾರದು. ನಲ್ಲಿಯ ಒತ್ತಡ ಕುಸಿದಾಗ ಲಾನ್‌ನ ಮಣ್ಣು, ಗೊಬ್ಬರದ ನೀರು ಹಿಂದಕ್ಕೆ ಎಳೆದುಕೊಂಡು ಮನೆಯ ಕೊಳಾಯಿ ಸೇರಬಹುದು. ಮೇಲಿನಿಂದ ಸಂಪಿಗೆ ನೀರು ಬೀಳುವಂತೆ ಮಾಡಿದರೆ ಆ ಭಯವಿಲ್ಲ.

ಒಂದು ಲಾನ್‌ನ ಲೆಕ್ಕ

18 ಮೀಟರ್ ಉದ್ದ, 12 ಮೀಟರ್ ಅಗಲದ ಲಾನ್ ಎಂದುಕೊಳ್ಳಿ: 216 ಚದರ ಮೀಟರ್. ಸ್ಪ್ರಿಂಕ್ಲರ್ ಜೋಡಣೆಯ ಮೊದಲ ನಿಯಮವೆಂದರೆ ಒಂದರ ನೀರು ಪಕ್ಕದ್ದರ ಬುಡದ ತನಕ ತಲುಪಬೇಕು. ಯಾವ ನಾಝಲ್ ಕೂಡ ತನ್ನ ವೃತ್ತದ ಉದ್ದಕ್ಕೂ ಸಮನಾಗಿ ನೀರು ಹಾಕುವುದಿಲ್ಲ, ಅಂಚಿಗೆ ಹೋದಂತೆ ಕಡಿಮೆಯಾಗುತ್ತದೆ. ಆ ಕೊರತೆಯನ್ನು ಪಕ್ಕದವು ತುಂಬಬೇಕು. 6 ಮೀಟರ್ ಎಸೆಯುವ ನಾಝಲ್‌ಗಳನ್ನು 10 ಮೀಟರ್ ಅಂತರದಲ್ಲಿಟ್ಟು ಸಾಮಾನು ಉಳಿಸಿದರೆ ನಡುವೆ ಒಣಗಿದ ಹುಲ್ಲು ಖಚಿತ.

6 ಮೀಟರ್ ಎಸೆತದ ರೋಟರಿ ನಾಝಲ್‌ಗಳನ್ನು 6 ಮೀಟರ್ ಅಂತರದಲ್ಲಿ ಇಟ್ಟರೆ ಉದ್ದಕ್ಕೆ 4, ಅಡ್ಡಕ್ಕೆ 3 ಸಾಲು, ಒಟ್ಟು 12 ಬೇಕು. ನಾಲ್ಕು ಮೂಲೆಯವು ಕಾಲು ವೃತ್ತ, ಅಂಚಿನ ಆರು ಅರ್ಧ ವೃತ್ತ, ಒಳಗಿನ ಎರಡು ಪೂರ್ತಿ ವೃತ್ತ ತಿರುಗುತ್ತವೆ. ಸರಿಯಾದ ಒತ್ತಡದಲ್ಲಿ ಪೂರ್ತಿ ವೃತ್ತದ್ದು ನಿಮಿಷಕ್ಕೆ ಸುಮಾರು 6 ಲೀಟರ್, ಅರ್ಧದ್ದು 3, ಕಾಲಿನದು ಒಂದೂವರೆ ಲೀಟರ್ ಕೊಡುತ್ತದೆ. ಕೂಡಿಸಿದರೆ 6 + 18 + 12 = ನಿಮಿಷಕ್ಕೆ 36 ಲೀಟರ್, ಗಂಟೆಗೆ 2160 ಲೀಟರ್. ಒಂದು ಚದರ ಮೀಟರ್ ಮೇಲೆ 1 ಲೀಟರ್ ಬಿದ್ದರೆ 1 ಮಿ.ಮೀ. ಮಳೆಗೆ ಸಮ. 2160ನ್ನು 216ರಿಂದ ಭಾಗಿಸಿದರೆ ಗಂಟೆಗೆ 10 ಮಿ.ಮೀ. ಬರುತ್ತದೆ. ನೆಲ ನಿಧಾನವಾಗಿ ಹೀರಿಕೊಳ್ಳುವಷ್ಟು.

ಇದೇ ಜಾಗಕ್ಕೆ ಅಗ್ಗದ ಸ್ಪ್ರೇ ನಾಝಲ್ ಹಾಕಿದರೆ ಏನಾಗುತ್ತದೆ ನೋಡಿ. ಎಸೆತ ನಾಲ್ಕೂವರೆ ಮೀಟರ್, ಹಾಗಾಗಿ 20 ಸ್ಪ್ರಿಂಕ್ಲರ್ ಬೇಕು. ಸುರಿಯುವ ಪ್ರಮಾಣ ಗಂಟೆಗೆ ಸುಮಾರು 40 ಮಿ.ಮೀ., ಅಂದರೆ ನಿಮಿಷಕ್ಕೆ 144 ಲೀಟರ್. ಅಷ್ಟು ನೀರು ಮನೆಯ ಪಂಪಿನಿಂದ ಒಟ್ಟಿಗೆ ಸಿಗದು. ನಾಲ್ಕು ಭಾಗ ಮಾಡಿ ನಾಲ್ಕು ವಾಲ್ವ್ ಇಡಬೇಕು. ನಾಝಲ್‌ನಲ್ಲಿ ಉಳಿಸಿದ ಹಣ ವಾಲ್ವ್, ವೈರು, ಪೈಪಿಗೆ ಹೋಗುತ್ತದೆ. ಜೊತೆಗೆ ಜೆಸಿಬಿ ಓಡಾಡಿ ಗಟ್ಟಿಯಾದ ನೆಲಕ್ಕೂ ಇಳಿಜಾರಿಗೂ ಆ ಸುರಿತ ತೀರಾ ಜೋರು. ನೀರು ಇಂಗದೆ ಹರಿದು ದರೆಯಂಚಿಗೆ ಸೇರುತ್ತದೆ. ಮಲೆನಾಡಿನ ಇಳಿಜಾರು ಲಾನ್‌ಗಳಿಗೆ ರೋಟರಿ ನಾಝಲ್ಲೇ ಸರಿ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಸ್ಪ್ರೇ ಬೇಕಾಗುವುದು ಎರಡು ಮೂರು ಮೀಟರ್ ಅಗಲದ ಪಟ್ಟಿಗಳಿಗೆ ಮಾತ್ರ. ಎರಡೂ ಮಾದರಿಯನ್ನು ಒಂದೇ ವಾಲ್ವ್‌ಗೆ ಕೂಡಿಸುವಂತಿಲ್ಲ, ಒಂದು ಕಡೆ ಕೆಸರು, ಇನ್ನೊಂದು ಕಡೆ ಬರ.

ದೊಡ್ಡ ಗೇರ್ ರೋಟರ್ ಹಾಕುವಾಗ ಆಗುವ ಒಂದು ತಪ್ಪು ಮೇಲುನೋಟಕ್ಕೆ ತಿಳಿಯುವುದೇ ಇಲ್ಲ. ಎಲ್ಲ ಕಡೆಗೂ ಒಂದೇ ಅಳತೆಯ ನಾಝಲ್ ಸಿಕ್ಕಿಸಿಬಿಡುತ್ತಾರೆ. ಮೂಲೆಯದು ಕಾಲು ವೃತ್ತದಲ್ಲೇ ಹೋಗಿ ಬರುತ್ತಿರುತ್ತದೆ, ಹಾಗಾಗಿ ಅಲ್ಲಿ ನಡುವಿನದಕ್ಕಿಂತ ನಾಲ್ಕು ಪಟ್ಟು ನೀರು ಬೀಳುತ್ತದೆ. ರೋಟರ್ ಜೊತೆ ಬರುವ ನಾಝಲ್ ಗೊಂಚಲಿನಿಂದ ವೃತ್ತಕ್ಕೆ ತಕ್ಕ ಅಳತೆಯದನ್ನು ಆರಿಸಿ ಹಾಕಬೇಕು.

ಇನ್ನು ನೀರಿನ ಬೇಡಿಕೆ. ಬಿರುಬೇಸಿಗೆಯಲ್ಲಿ ಹುಲ್ಲಿಗೆ ದಿನಕ್ಕೆ ನಾಲ್ಕರಿಂದ ಐದು ಮಿ.ಮೀ. ಬೇಕು. ದಿನ ಬಿಟ್ಟು ದಿನ ಕೊಡುವುದಾದರೆ 9 ಮಿ.ಮೀ. ಗಾಳಿ, ಆವಿ, ಅಸಮಾನತೆಯ ನಷ್ಟ ಸೇರಿಸಿ 12 ಎಂದಿಟ್ಟುಕೊಳ್ಳಿ. ಅಂದರೆ 72 ನಿಮಿಷ, ಸುಮಾರು 2600 ಲೀಟರ್. ಇದಕ್ಕೆ 5000 ಲೀಟರ್ ಸಂಪು ನೆಮ್ಮದಿ ಕೊಡುತ್ತದೆ. ವಾರಕ್ಕೊಮ್ಮೆ ಆಳವಾಗಿ ಕೊಡಿ ಎಂಬ ಸಲಹೆ ಎರೆಮಣ್ಣಿಗೆ ಸರಿ. ಜಂಬಿಟ್ಟಿಗೆ ಹರಳು ತುಂಬಿದ ನೆಲದಲ್ಲಿ ಬೇರಿಗಿಂತ ಕೆಳಗಿಳಿದ ನೀರು ಹುಲ್ಲಿಗೆ ಮತ್ತೆ ಸಿಗುವುದಿಲ್ಲ.

ಪೈಪು ಮತ್ತು ಪಂಪು

ಪೈಪಿನೊಳಗೆ ನೀರಿನ ವೇಗ ಸೆಕೆಂಡಿಗೆ ಒಂದೂವರೆ ಮೀಟರ್ ಮೀರಬಾರದು. ಮೀರಿದರೆ ಒತ್ತಡ ಸೋರುತ್ತದೆ, ವಾಲ್ವ್ ಮುಚ್ಚಿದಾಗ ಪೈಪು ಬಡಿದು ಸದ್ದು ಮಾಡುತ್ತದೆ, ಕೊನೆಗೊಂದು ದಿನ ಜೋಡಣೆ ಬಿಡುತ್ತದೆ. ಈ ಮಿತಿಯಲ್ಲಿ 25 ಎಂ.ಎಂ. ಪಿವಿಸಿ ನಿಮಿಷಕ್ಕೆ ಸುಮಾರು 35 ಲೀಟರ್, 32 ಎಂ.ಎಂ. 58 ಲೀಟರ್, 40 ಎಂ.ಎಂ. 90 ಲೀಟರ್ ಒಯ್ಯಬಲ್ಲದು. ನಮ್ಮ 36 ಲೀಟರಿಗೆ 25 ಎಂ.ಎಂ. ಸಾಕಲ್ಲವೇ ಎನಿಸಬಹುದು. ಆದರೆ ಅದರಲ್ಲಿ 100 ಮೀಟರ್‌ಗೆ 12 ಮೀಟರಿಗೂ ಹೆಚ್ಚು ಒತ್ತಡ ಹೋಗುತ್ತದೆ, 32 ಎಂ.ಎಂ.ನಲ್ಲಿ ಮೂರೂವರೆ ಮಾತ್ರ. ಸಂಪಿನಿಂದ ಲಾನ್ ತನಕದ ಮುಖ್ಯ ಪೈಪು ಮತ್ತು ಮೂರು ಸಾಲುಗಳನ್ನು ಕೂಡಿಸುವ ಅಡ್ಡ ಪೈಪು 32 ಎಂ.ಎಂ. ಇರಲಿ. ಸಾಲುಗಳಲ್ಲಿ ಹರಿಯುವುದು 9, 18, 9 ಲೀಟರ್, ಅಲ್ಲಿಗೆ 25 ಎಂ.ಎಂ. ಧಾರಾಳ. ವಾಲ್ವಿನಿಂದ ಬಂದ ನೀರು ಅಡ್ಡ ಪೈಪಿನ ನಡುಭಾಗಕ್ಕೆ ಸೇರುವಂತಿದ್ದರೆ ಎಲ್ಲ ಸಾಲಿಗೂ ಒತ್ತಡ ಹೆಚ್ಚುಕಡಿಮೆ ಒಂದೇ ಇರುತ್ತದೆ. ಒಂದೇ ವಾಲ್ವಿನಡಿಯ ಮೊದಲ ಮತ್ತು ಕೊನೆಯ ಸ್ಪ್ರಿಂಕ್ಲರ್ ನಡುವೆ ಒತ್ತಡದ ವ್ಯತ್ಯಾಸ ನೂರಕ್ಕೆ 20ರ ಒಳಗಿರಬೇಕು. ಆಗ ನೀರಿನ ವ್ಯತ್ಯಾಸ ನೂರಕ್ಕೆ 10ರ ಆಸುಪಾಸಿನಲ್ಲಿ ನಿಲ್ಲುತ್ತದೆ.

ಪಂಪಿನ ಲೆಕ್ಕ ಹೀಗೆ: ನಾಝಲ್‌ಗೆ 28 ಮೀಟರ್, ಸಾಲು ಪೈಪು ಮತ್ತು ಫಿಟ್ಟಿಂಗ್‌ಗೆ 2, 40 ಮೀಟರ್ ಮುಖ್ಯ ಪೈಪಿಗೆ 2, ವಾಲ್ವ್‌ಗೆ 3, ಅರ್ಧ ಕಟ್ಟಿದ ಫಿಲ್ಟರ್‌ಗೆ 4, ಸಂಪಿನ ನೀರಿನ ಮಟ್ಟದಿಂದ ಲಾನ್ ತನಕದ ಏರಿಗೆ 4. ಒಟ್ಟು 43, ಕೈಯಳತೆಗೆ 45 ಮೀಟರ್. ಬೇಕಿರುವುದು 45 ಮೀಟರ್ ಹೆಡ್‌ನಲ್ಲಿ (ಮೀಟರ್ ಎತ್ತರದ ಲೆಕ್ಕದ ಒತ್ತಡದಲ್ಲಿ) ನಿಮಿಷಕ್ಕೆ 36 ಲೀಟರ್ ಕೊಡುವ ಪಂಪು. ಸಾಮಾನ್ಯವಾಗಿ ಒಂದು ಎಚ್.ಪಿ.ಯದು ಸಾಕಾಗುತ್ತದೆ. ಪೆಟ್ಟಿಗೆಯ ಮೇಲೆ "ಗರಿಷ್ಠ ಹೆಡ್ 45 ಮೀ." ಎಂದು ಬರೆದದ್ದನ್ನು ನೋಡಿ ಕೊಂಡುಕೊಂಡರೆ ಕೆಟ್ಟಿರಿ. ಗರಿಷ್ಠ ಹೆಡ್ ಎಂದರೆ ನೀರು ಒಂದು ಹನಿಯೂ ಹರಿಯದೆ ನಿಲ್ಲುವ ಎತ್ತರ. ಅಂಗಡಿಯವರ ಬಳಿ ಹೆಡ್ ಮತ್ತು ನೀರಿನ ಪ್ರಮಾಣ ಎರಡೂ ಇರುವ ಪಟ್ಟಿ ಇರುತ್ತದೆ, ಅದನ್ನು ಕೇಳಿ ಓದಿ. ಇಂಥ ಪಂಪು ವಾಲ್ವ್ ಮುಚ್ಚಿದಾಗ 6 ಕೆ.ಜಿ. ತನಕ ಒತ್ತಡ ಏರಿಸಬಲ್ಲದು. ಆದ್ದರಿಂದ ವಾಲ್ವಿನ ತನಕದ ಮುಖ್ಯ ಪೈಪು 10 ಕೆ.ಜಿ. ದರ್ಜೆಯದು, ವಾಲ್ವಿನ ಆಚೆ 6 ಕೆ.ಜಿ. ದರ್ಜೆಯದು. 4 ಕೆ.ಜಿ. ಪೈಪು ಈ ಕೆಲಸಕ್ಕಲ್ಲ.

ಫಿಲ್ಟರ್ ಬೇಕೇ ಎಂಬ ಪ್ರಶ್ನೆಯೇ ಬೇಡ. 120 ಮೆಶ್‌ನ ಡಿಸ್ಕ್ ಫಿಲ್ಟರ್ ಪಂಪು ಮತ್ತು ವಾಲ್ವಿನ ನಡುವೆ ಇರಲೇಬೇಕು. ಬೋರ್‌ವೆಲ್ ನೀರನ್ನು ಒಂದು ಬಿಳಿ ಬಕೆಟ್ಟಿನಲ್ಲಿ ರಾತ್ರಿಯಿಡೀ ಇಡಿ. ಹಿಡಿದಾಗ ತಿಳಿಯಾಗಿದ್ದು ಬೆಳಿಗ್ಗೆ ಕೆಂಪಾಗಿದ್ದರೆ ನೀರಿನಲ್ಲಿ ಕಬ್ಬಿಣ ಕರಗಿದೆ. ಅದು ಫಿಲ್ಟರ್ ದಾಟಿ ಹೋಗಿ ನಾಝಲ್‌ನಲ್ಲಿ ಗಾಳಿ ತಾಗಿದಾಗ ತುಕ್ಕಾಗಿ ಕೂರುತ್ತದೆ, ಬಿಳಿ ಗೋಡೆಗೆ ಕಲೆ ಹಿಡಿಸುತ್ತದೆ. ಸಂಪಿಗೆ ಬೀಳುವ ನೀರನ್ನು ತೂತು ಪೈಪಿನಿಂದ ಮಳೆಯಂತೆ ಬೀಳಿಸಿ, ಒಂದು ದಿನ ತಂಗಲು ಬಿಟ್ಟು, ತಳದಿಂದ ಒಂದಡಿ ಮೇಲಿನ ನೀರನ್ನು ಎಳೆದುಕೊಂಡರೆ ಕಬ್ಬಿಣದ ಬಹುಭಾಗ ಸಂಪಿನಲ್ಲೇ ಉಳಿಯುತ್ತದೆ.

ಜಂಬಿಟ್ಟಿಗೆ ನೆಲದಲ್ಲಿ ಟ್ರೆಂಚ್

ನೆಲ ಅಗೆಯಲು ನವೆಂಬರ್ ಸರಿಯಾದ ತಿಂಗಳು. ಮಳೆ ಬಿಟ್ಟಿರುತ್ತದೆ, ನೆಲದಲ್ಲಿ ಹಸಿ ಇರುತ್ತದೆ. ಅದೇ ಜಂಬಿಟ್ಟಿಗೆ ಬಿಸಿಲಿಗೆ ಒಣಗುತ್ತ ಗಟ್ಟಿಯಾಗುತ್ತದೆ. ಮಾರ್ಚ್‌ನಲ್ಲಿ ಹಾರೆ, ಪಿಕಾಸಿಗೆ ಬಗ್ಗದೆ ಬ್ರೇಕರ್ ತರಿಸಬೇಕಾಗುತ್ತದೆ.

ನೀರು ಹೆಪ್ಪುಗಟ್ಟುವ ಊರು ನಮ್ಮದಲ್ಲ, ಹಾಗಾಗಿ ಬಹಳ ಆಳ ಬೇಕಿಲ್ಲ. ಸಾಲು ಪೈಪಿಗೆ 25ರಿಂದ 30 ಸೆಂ.ಮೀ., ಮುಖ್ಯ ಪೈಪಿಗೆ 45 ಸೆಂ.ಮೀ. ಸಾಕು. ಇಷ್ಟಿದ್ದರೆ ಗುದ್ದಲಿ ಏಟು ತಾಗುವುದಿಲ್ಲ. ವಾಹನ ದಾಟುವ ಕಡೆ 60 ಸೆಂ.ಮೀ. ಇಳಿಸಿ, ದೊಡ್ಡ ಪೈಪಿನೊಳಗೆ ತೂರಿಸಿ ಒಯ್ಯಿರಿ. ನಮ್ಮ ಉದಾಹರಣೆಯಲ್ಲಿ ಮೂರು ಸಾಲು 54 ಮೀಟರ್, ಅಡ್ಡ ಪೈಪು 12, ಮುಖ್ಯ ಪೈಪು 40, ಒಟ್ಟು 106 ಮೀಟರ್ ಟ್ರೆಂಚ್. ಅಗೆಯುವಾಗ ಮೇಲಿನ ಮಣ್ಣನ್ನು ಒಂದು ಬದಿಗೆ, ಕೆಳಗಿನ ಕಲ್ಲು-ಹರಳನ್ನು ಇನ್ನೊಂದು ಬದಿಗೆ ಹಾಕಿಸಿ. ಬೆರೆತರೆ ಆ ಸಾಲಿನ ಮೇಲೆ ಹುಲ್ಲು ವರ್ಷಗಟ್ಟಲೆ ಸೊರಗಿರುತ್ತದೆ. ಜಂಬಿಟ್ಟಿಗೆಯ ಚೂಪು ಮೂಲೆ ಪೈಪಿಗೆ ತಾಗಿಕೊಂಡಿದ್ದರೆ ವರ್ಷಾನುಗಟ್ಟಲೆ ಒತ್ತಡ ಏರಿಳಿಯುತ್ತ ಉಜ್ಜಿ ತೂತಾಗುತ್ತದೆ. ಪೈಪಿನ ಕೆಳಗೆ ಐದು, ಮೇಲೆ ಐದು ಸೆಂ.ಮೀ. ಎಂ-ಸ್ಯಾಂಡ್ ಹಾಸಬೇಕು. 20 ಸೆಂ.ಮೀ. ಅಗಲದ ಟ್ರೆಂಚ್‌ಗೆ ಒಟ್ಟು ಒಂದು ಯೂನಿಟ್‌ಗೆ (100 ಘನ ಅಡಿ) ತುಸು ಕಡಿಮೆ ಮರಳು ಹಿಡಿಯುತ್ತದೆ. ಗುತ್ತಿಗೆದಾರರು ಮೊದಲು ಕೈಬಿಡುವುದು ಇದನ್ನೇ, ಮುಚ್ಚಿದ ಮೇಲೆ ಯಾರಿಗೂ ಕಾಣುವುದಿಲ್ಲವಲ್ಲ.

ಈಗಾಗಲೇ ಲಾನ್ ಇದ್ದರೆ 30 ಸೆಂ.ಮೀ. ಅಗಲದ ಪಟ್ಟಿಗಳಾಗಿ ಹುಲ್ಲನ್ನು ಬೇರುಮಣ್ಣು ಸಮೇತ ಕತ್ತರಿಸಿ, ಟಾರ್ಪಾಲಿನ ಮೇಲೆ ನೆರಳಲ್ಲಿಟ್ಟು ನೀರು ಚಿಮುಕಿಸುತ್ತಿರಬೇಕು. ಅಂದಂದು ತೋಡಿದ್ದನ್ನು ಅಂದಂದೇ ಮುಚ್ಚಿ ಹುಲ್ಲು ಕೂರಿಸುವಷ್ಟು ಮಾತ್ರ ಕೆಲಸ ಹಿಡಿಯಿರಿ.

ಪಿವಿಸಿ ಜೋಡಣೆ ಕೆಡುವುದು ಅವಸರದಿಂದ. ಪೈಪನ್ನು ನೇರವಾಗಿ ಕತ್ತರಿಸಬೇಕು, ಅಂಚಿನ ಸಿಬಿರು ತೆಗೆದು ಅರದಿಂದ ತುಸು ಓರೆ ಮಾಡಬೇಕು, ಒಳಗೂ ಹೊರಗೂ ಒಣಬಟ್ಟೆಯಲ್ಲಿ ಒರೆಸಬೇಕು, ಎರಡೂ ಭಾಗಕ್ಕೆ ತೆಳ್ಳಗೆ ಸಲ್ಯೂಷನ್ (ಪಿವಿಸಿ ಅಂಟು) ಹಚ್ಚಿ, ಒತ್ತಿ ಕಾಲು ಸುತ್ತು ತಿರುಗಿಸಿ ಅರ್ಧ ನಿಮಿಷ ಹಿಡಿದಿರಬೇಕು. ಹನಿ ಮಳೆಯಲ್ಲಿ, ಇಬ್ಬನಿ ಹಿಡಿದ ಪೈಪಿನ ಮೇಲೆ ಹಚ್ಚಿದ ಸಲ್ಯೂಷನ್ ಹಿಡಿಯುವುದಿಲ್ಲ. ನಮ್ಮ ತೇವದ ಹವೆಯಲ್ಲಿ 24 ಗಂಟೆ ಕಳೆಯದೆ ಒತ್ತಡ ಕೊಡಬೇಡಿ.

ಸ್ಪ್ರಿಂಕ್ಲರನ್ನು ಸಾಲು ಪೈಪಿನ ಮೇಲೆ ನೇರವಾಗಿ ನೆಡಬಾರದು. ಟೀ-ಯಿಂದ 30-45 ಸೆಂ.ಮೀ. ಬಳುಕುವ ದಪ್ಪ ಪೈಪು ಮತ್ತು ಎರಡು ಎಲ್ಬೋ ಮೂಲಕ ಜೋಡಿಸಿದರೆ ದನ ತುಳಿದರೂ ಹುಲ್ಲು ಕತ್ತರಿಸುವ ಯಂತ್ರದ ಗಾಲಿ ಹತ್ತಿದರೂ ಅದು ತಗ್ಗಿ ಏಳುತ್ತದೆ. ಕೆಳಗಿನ ಪೈಪಿಗೆ ಏಟು ತಾಗುವುದಿಲ್ಲ. ಎತ್ತರವನ್ನು ಸರಿಹೊಂದಿಸಲೂ ಇದರಿಂದ ಸಾಧ್ಯ. ಮುಚ್ಚಳ ನೆಲದ ಮಟ್ಟಕ್ಕೆ ಸಮ ಇರಬೇಕು. ಮೆಕ್ಸಿಕನ್ ಹುಲ್ಲು ವರ್ಷ ಕಳೆದಂತೆ ಮೆತ್ತೆಯಾಗಿ ಏರುತ್ತದೆ, ಅದಕ್ಕೆ 10 ಸೆಂ.ಮೀ. ಬದಲು 15 ಸೆಂ.ಮೀ. ಏಳುವ ಪಾಪ್-ಅಪ್ ಆರಿಸಿ. ಗರಿಕೆಯ ಲಾನ್‌ಗೆ 10 ಸಾಕು. ಇಳಿಜಾರಿನಲ್ಲಿ ಸಾಲುಗಳು ಏರಿಗೆ ಅಡ್ಡಲಾಗಿ ಹೋಗಲಿ, ತಗ್ಗಿನ ಸ್ಪ್ರಿಂಕ್ಲರ್‌ಗಳ ಒಳಗೆ ಚೆಕ್ ವಾಲ್ವ್ ಇರಲಿ. ಇಲ್ಲದಿದ್ದರೆ ಪಂಪು ನಿಂತ ಮೇಲೆ ಪೈಪಿನಲ್ಲಿ ಉಳಿದ ನೀರೆಲ್ಲ ಕೆಳಗಿನದರಿಂದ ಸೋರಿ ಅಲ್ಲಿ ಸದಾ ಕೆಸರು.

ಕಾಡಂಚಿನ ಮನೆಗಳಲ್ಲಿ ಇನ್ನೊಂದು ಎಚ್ಚರಿಕೆ. ಸುತ್ತೆಲ್ಲ ಒಣಗಿರುವಾಗ ತೇವದ ನೆಲ ಎರೆಹುಳು, ಗೆಡ್ಡೆ ಹುಡುಕುವ ಕಾಡುಹಂದಿಯನ್ನು ಕರೆಯುತ್ತದೆ. ಒಂದೇ ರಾತ್ರಿಯಲ್ಲಿ ಸಾಲುಗಟ್ಟಲೆ ಹುಲ್ಲು ಬುಡಮೇಲಾಗಬಹುದು. ಬೇಲಿ ಇಲ್ಲದ ಜಾಗದಲ್ಲಿ ಮೊದಲು ಬೇಲಿ, ಆಮೇಲೆ ಸ್ಪ್ರಿಂಕ್ಲರ್. ಹೆಗ್ಗಣ, ಮುಳ್ಳುಹಂದಿ ಕಡಿಯುವುದು ಮೆತ್ತನೆಯ ಪೈಪನ್ನು. ಅದನ್ನು ಮೇಲೆ ಬಿಡದೆ ಪೂರ್ತಿ ಹೂಳಿ.

ವಾಲ್ವ್, ವೈರು, ಸಿಡಿಲು

ಸೊಲೆನಾಯ್ಡ್ ವಾಲ್ವ್ 24 ವೋಲ್ಟ್‌ನಲ್ಲಿ ಕೆಲಸ ಮಾಡುತ್ತದೆ, ಒದ್ದೆ ನೆಲದಲ್ಲಿ ಅಪಾಯವಿಲ್ಲ. ಪ್ರತಿ ವಾಲ್ವಿಗೆ ಒಂದು ವೈರು, ಎಲ್ಲಕ್ಕೂ ಸೇರಿ ಒಂದು ಸಾಮಾನ್ಯ ವೈರು. ನಾಲ್ಕು ವಾಲ್ವಿದ್ದರೆ ಐದು. ಮುಂದೆ ಬೇಕಾದೀತೆಂದು ಒಂದೆರಡು ಹೆಚ್ಚಿಗೆ ಎಳೆದಿಡಿ. ಪೈಪಿನ ಪಕ್ಕದಲ್ಲೇ ಕಾಂಡ್ಯೂಟ್‌ನಲ್ಲಿ ಹಾಕಿ, ಪ್ರತಿ ಪೆಟ್ಟಿಗೆಯಲ್ಲೂ ಅರ್ಧ ಮೀಟರ್ ಸುರುಳಿ ಬಿಡಬೇಕು. ವೈರಿನ ಜೋಡಣೆಗೆ ಬರೀ ಇನ್ಸುಲೇಷನ್ ಟೇಪ್ ಸುತ್ತಿದರೆ ಒಂದು ಮಳೆಗಾಲದಲ್ಲಿ ತಾಮ್ರ ಹಸಿರಾಗಿ ಕಡಿದುಹೋಗುತ್ತದೆ. ಒಳಗೆ ಗ್ರೀಸ್ ಅಥವಾ ಜೆಲ್ ತುಂಬಿದ ಕನೆಕ್ಟರ್‌ಗಳೇ ಬೇಕು. ವಾಲ್ವ್ ಪೆಟ್ಟಿಗೆಯ ತಳಕ್ಕೆ 10-15 ಸೆಂ.ಮೀ. ಜಲ್ಲಿ ಹಾಕಿ. ಲಾನ್‌ನ ಅತಿ ತಗ್ಗಿನ ಜಾಗದಲ್ಲಿ ಪೆಟ್ಟಿಗೆ ಇಟ್ಟರೆ ಆಷಾಢದಲ್ಲಿ ಅದು ಬಾವಿಯಾಗುತ್ತದೆ.

ಏಪ್ರಿಲ್-ಮೇ ತಿಂಗಳ ಗುಡುಗು ಮಳೆ, ಹೊತ್ತಿಗೆ ಸರಿಯಾಗಿ ವಾಲ್ವ್ ತೆರೆದು ಮುಚ್ಚಿಸುವ ಕಂಟ್ರೋಲರ್‌ನ ದೊಡ್ಡ ಶತ್ರು. ಸಿಡಿಲು ಮನೆಗೇ ಹೊಡೆಯಬೇಕಿಲ್ಲ, ಹತ್ತಿರದಲ್ಲಿ ಬಿದ್ದರೂ ನೆಲದಡಿಯ ಉದ್ದ ವೈರಿನಲ್ಲಿ ವಿದ್ಯುತ್ ಚಿಮ್ಮಿ ಬಂದು ಬೋರ್ಡು ಸುಟ್ಟುಹೋಗುತ್ತದೆ. ಸರ್ಜ್ ಪ್ರೊಟೆಕ್ಟರ್ ಮತ್ತು ಅದಕ್ಕೊಂದು ನಿಜವಾದ ಅರ್ಥಿಂಗ್ ಕಡ್ಡಾಯ. ಮೋಡ ಕಟ್ಟಿದ ಸಂಜೆ ಪ್ಲಗ್ ಕಿತ್ತಿಡುವುದು ಇನ್ನೂ ಭದ್ರ. ಕರೆಂಟು ಪದೇ ಪದೇ ಹೋಗುವ ಊರಲ್ಲಿ, ಅದೂ ಗುಡ್ಡದ ನೀರಿದ್ದರೆ, 9 ವೋಲ್ಟ್ ಬ್ಯಾಟರಿಯ ಕಂಟ್ರೋಲರ್ ಮತ್ತು ಅದಕ್ಕೆ ಹೊಂದುವ ವಾಲ್ವ್ ಆರಿಸಿದರೆ ಕರೆಂಟಿನ ಹಂಗೇ ಇರುವುದಿಲ್ಲ. ಸಂಪು-ಪಂಪು ಇರುವಲ್ಲಿ ಪಂಪಿಗೆ ನೀರಿಲ್ಲದಾಗ ನಿಲ್ಲುವ ಫ್ಲೋಟ್ ಸ್ವಿಚ್ ಇರಲೇಬೇಕು. ನಸುಕಿನಲ್ಲಿ ತಾನಾಗಿ ಶುರುವಾಗುವ ಪಂಪು ಖಾಲಿ ಓಡಿದರೆ ನೋಡುವವರು ಯಾರೂ ಇರುವುದಿಲ್ಲ.

ಮುಚ್ಚುವ ಮೊದಲ ಪರೀಕ್ಷೆ

ಸ್ಪ್ರಿಂಕ್ಲರ್‌ಗಳ ನಾಝಲ್ ಹಾಕುವ ಮೊದಲು ಪ್ರತಿ ಸಾಲಿನ ಕೊನೆ ತೆರೆದು ನೀರು ತಿಳಿಯಾಗುವ ತನಕ ಹರಿಸಬೇಕು. ಪೈಪು ಕತ್ತರಿಸಿದ ಪುಡಿ, ಮಣ್ಣು ಆಗ ಹೊರಬರದಿದ್ದರೆ ನಾಝಲ್ ಬಾಯಿಗೇ ಬಂದು ಕೂರುತ್ತದೆ. ಅನಂತರ ಮುಖ್ಯ ಪೈಪಿಗೆ ಕೆಲಸದ ಒತ್ತಡದ ಒಂದೂವರೆ ಪಟ್ಟು ಒತ್ತಡ ಕೊಟ್ಟು ಎರಡು ಗಂಟೆ ಬಿಡಿ. ಪೈಪಿನ ನಡುಭಾಗಕ್ಕೆ ಮಾತ್ರ ಮಣ್ಣು ಹಾಕಿ, ಜೋಡಣೆಗಳೆಲ್ಲ ಕಾಣುವಂತಿರಬೇಕು. ಗೇಜ್ ಇಳಿದರೆ ಎಲ್ಲೋ ಸೋರಿಕೆ ಇದೆ ಎಂದರ್ಥ. ಟ್ರೆಂಚ್ ಮುಚ್ಚಿದ ಮೇಲೆ ಪರೀಕ್ಷೆ ಮಾಡುತ್ತೇವೆ ಎನ್ನುವವರಿಗೆ ಕೊನೆಯ ಕಂತು ಕೊಡಬೇಡಿ.

ಮಣ್ಣನ್ನು 15 ಸೆಂ.ಮೀ.ಗೊಮ್ಮೆ ದಮ್ಮಸ್ಸು ಮಾಡಿ, ನೀರು ಬಿಟ್ಟು ಕೂರಿಸಿ, ಕೊನೆಗೆ ತುಸು ದಿಬ್ಬವಾಗಿ ಬಿಡಬೇಕು. ಇಲ್ಲವಾದರೆ ಮೊದಲ ಮಳೆಗಾಲದಲ್ಲೇ ಟ್ರೆಂಚಿನ ಗೆರೆಗಳು ತಗ್ಗಾಗಿ ಕಾಣುತ್ತವೆ.

ಕೊನೆಯ ಪರೀಕ್ಷೆಗೆ ಬೇಕಾದದ್ದು ಒಂದೇ ಅಳತೆಯ ಹದಿನಾರು ಲೋಟ, ಒಂದು ಅಳತೆ ಪಾತ್ರೆ. ಲಾನ್ ತುಂಬ ಸಮ ಅಂತರದಲ್ಲಿಟ್ಟು 20 ನಿಮಿಷ ಓಡಿಸಿ, ಪ್ರತಿ ಲೋಟದ ನೀರು ಅಳೆಯಿರಿ. ಅತಿ ಕಡಿಮೆ ಬಿದ್ದ ನಾಲ್ಕು ಲೋಟಗಳ ಸರಾಸರಿಯನ್ನು ಒಟ್ಟು ಸರಾಸರಿಯಿಂದ ಭಾಗಿಸಿ. 0.7 ಅಥವಾ ಹೆಚ್ಚು ಬಂದರೆ ಕೆಲಸ ಚೆನ್ನಾಗಿದೆ. 0.5ರ ಕೆಳಗಿದ್ದರೆ ಅಂತರವೋ ಒತ್ತಡವೋ ತಪ್ಪಿದೆ. ಹಾಗೇ ಬಿಟ್ಟರೆ ಒಣ ತೇಪೆಯನ್ನು ಹಸಿರಾಗಿಡಲು ಇಡೀ ಲಾನ್‌ಗೆ ಎರಡರಷ್ಟು ನೀರು ಸುರಿಯುತ್ತಿರಬೇಕಾಗುತ್ತದೆ.

ಓಡಿಸುವುದು ಮತ್ತು ಕೆಟ್ಟಾಗ ನೋಡುವುದು

ಬೆಳಗಿನ ಜಾವ 4ರಿಂದ 7ರ ಒಳಗೆ ನೀರು ಕೊಡುವುದು ಒಳ್ಳೆಯದು. ಗಾಳಿ ಇರುವುದಿಲ್ಲ, ಬಿಸಿಲೇರುತ್ತಿದ್ದಂತೆ ಎಲೆ ಒಣಗುತ್ತದೆ. ಸಂಜೆ ಕೊಟ್ಟರೆ ರಾತ್ರಿಯಿಡೀ ಒದ್ದೆಯಾಗಿದ್ದು ಶಿಲೀಂಧ್ರ ಹಿಡಿಯುತ್ತದೆ. ಇಳಿಜಾರಿದ್ದರೆ 72 ನಿಮಿಷವನ್ನು 24 ನಿಮಿಷದ ಮೂರು ಕಂತು ಮಾಡಿ ನಡುವೆ ಅರ್ಧ ಗಂಟೆ ಇಂಗಲು ಬಿಡಿ. ಇಬ್ಬನಿ ಸುರಿಯುವ ಡಿಸೆಂಬರ್-ಜನವರಿಯಲ್ಲಿ ಬೇಸಿಗೆಯ ಅರ್ಧದಿಂದ ಮುಕ್ಕಾಲು ಪ್ರಮಾಣ ಸಾಕು.

ಮುಂಗಾರು ಹಿಡಿದ ಮೇಲೆ ಕಂಟ್ರೋಲರ್ ನಿಲ್ಲಿಸಿ, ಆದರೆ ಮರೆತುಬಿಡಬೇಡಿ. ಮೂರು ವಾರಕ್ಕೊಮ್ಮೆ ಪ್ರತಿ ವಾಲ್ವನ್ನು ಎರಡು ನಿಮಿಷ ಓಡಿಸಿದರೆ ರಬ್ಬರ್ ಪೊರೆ ಅಂಟಿಕೊಳ್ಳುವುದಿಲ್ಲ. ಕಂಟ್ರೋಲರ್ ಪೆಟ್ಟಿಗೆಯ ವೈರು ತೂತನ್ನು ಮುಚ್ಚದಿದ್ದರೆ ಇರುವೆ ಗೂಡು ಕಟ್ಟುತ್ತದೆ. ನವರಾತ್ರಿ ಕಳೆದ ಮೇಲೆ ಮತ್ತೆ ಶುರುಮಾಡುವಾಗ ಫಿಲ್ಟರ್ ತೊಳೆದು, ನಾಝಲ್ ಕೆಳಗಿನ ಜಾಲರಿ ತೆಗೆದು ಸ್ವಚ್ಛ ಮಾಡಿ, ಹುಲ್ಲಿನಲ್ಲಿ ಹುಗಿದುಹೋದ ಮುಚ್ಚಳಗಳನ್ನು ಬಿಡಿಸಿ.

ಕೆಟ್ಟದ್ದು ಎಲ್ಲಿ ಎಂದು ಸ್ಪ್ರಿಂಕ್ಲರೇ ಹೇಳುತ್ತದೆ. ನೀರು ಮಂಜಿನಂತೆ ಹಾರುತ್ತಿದ್ದರೆ ಒತ್ತಡ ಹೆಚ್ಚು. ದೂರದಲ್ಲಿ ಉಂಗುರದಂತೆ ಬಿದ್ದು ನಡುವೆ ಒಣಗಿದ್ದರೆ ಒತ್ತಡ ಕಡಿಮೆ. ಒಂದು ವಾಲ್ವಿನ ಎಲ್ಲವೂ ಸೊರಗಿದ್ದರೆ ಫಿಲ್ಟರ್ ಅಥವಾ ಒಡೆದ ಪೈಪು, ಒಂದೇ ಸೊರಗಿದ್ದರೆ ಅದರ ಜಾಲರಿ. ಮೇಲೆದ್ದದ್ದು ಇಳಿಯದಿದ್ದರೆ ಕತ್ತಿನ ರಬ್ಬರಿನಲ್ಲಿ ಮರಳು ಸಿಕ್ಕಿದೆ. ಸಮಯ ಮುಗಿದರೂ ನೀರು ನಿಲ್ಲದಿದ್ದರೆ ವಾಲ್ವ್ ಬಿಚ್ಚಿ ಪೊರೆಯ ಕೆಳಗೆ ಹರಳು ಹುಡುಕಿ. ವಾಲ್ವ್ ತೆರೆಯದೇ ಇದ್ದರೆ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಕಂಟ್ರೋಲರ್ ಹತ್ತಿರ ಆ ವಾಲ್ವಿನ ವೈರು ಮತ್ತು ಸಾಮಾನ್ಯ ವೈರಿನ ನಡುವೆ 20ರಿಂದ 60 ಓಮ್ ತೋರಿಸಿದರೆ ಸೊಲೆನಾಯ್ಡ್ ಸರಿ ಇದೆ. ಏನೂ ತೋರಿಸದಿದ್ದರೆ ವೈರು ಅಥವಾ ಸೊಲೆನಾಯ್ಡ್‌ನ ಸುರುಳಿ ಕಡಿದಿದೆ, ಸೊನ್ನೆಯ ಹತ್ತಿರ ಬಂದರೆ ಶಾರ್ಟ್ ಆಗಿದೆ.

ವೈರು ಎಲ್ಲಿ ಕಡಿದಿದೆ ಎಂದು ಹುಡುಕಬೇಕಾದರೆ ಅದು ಎಲ್ಲಿ ಹೋಗಿದೆ ಎಂದು ಗೊತ್ತಿರಬೇಕು. ಹಾಗಾಗಿ ಕೆಲಸ ಒಪ್ಪಿಸಿಕೊಳ್ಳುವಾಗ ನಕ್ಷೆ ಕೇಳಿ ಪಡೆಯಿರಿ. ಹಾಕಬೇಕೆಂದುಕೊಂಡದ್ದರ ನಕ್ಷೆ ಬೇಡ, ನಿಜವಾಗಿ ಹಾಕಿದ್ದರ ನಕ್ಷೆ ಬೇಕು. ಪ್ರತಿ ವಾಲ್ವ್ ಪೆಟ್ಟಿಗೆ, ಪ್ರತಿ ತಿರುವು ಎರಡು ಕದಲದ ಗುರುತುಗಳಿಂದ ಎಷ್ಟು ದೂರ ಎಂದು ಬರೆದಿರಬೇಕು: ತುಳಸಿಕಟ್ಟೆಯಿಂದ 4.2 ಮೀಟರ್, ಜಗುಲಿಯ ಮೂಲೆಯಿಂದ 6.8 ಮೀಟರ್ ಎಂಬ ಹಾಗೆ. ಟ್ರೆಂಚ್ ತೆರೆದಿರುವಾಗಲೇ ಮೊಬೈಲಿನಲ್ಲಿ ಚಿತ್ರ ತೆಗೆದಿಡಿ. ನಕ್ಷೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಕಂಟ್ರೋಲರ್ ಬಾಗಿಲಿನ ಒಳಬದಿಗೆ ಅಂಟಿಸಿ.